ಊರು ಹೋಳಾಗುವುದನ್ನು ಓದುವ ಬಗೆ: ಚಿಕ್ಕಮಗಳೂರಿನಲ್ಲಿ ಕುಳಿತು ನಗರಶಾಸ್ತ್ರ ಓದುವವರಿಗೆ

ನಗರಗಳ ಬಗ್ಗೆ ಪ್ರಾಜೆಕ್ಟ್ ವರದಿ ಬರೆಯಲು ಹೊರಟ ವಿದ್ಯಾರ್ಥಿಗಳು ಮೊದಲು ಎಡವುವುದು ಪದದ ಮೇಲೆ. ಊರು ತುಂಡುತುಂಡಾಗುವುದನ್ನು ಹೇಳುವ ಇಂಗ್ಲಿಷಿನ ‘ಫ್ರಾಗ್ಮೆಂಟೇಶನ್’ ಎಂಬ ಒಂದು ಪದಕ್ಕೆ ಕನ್ನಡದಲ್ಲಿ ಒಬ್ಬರು ವಿಘಟನೆ ಎನ್ನುತ್ತಾರೆ, ಇನ್ನೊಬ್ಬರು ವಿಭಜನೆ ಎನ್ನುತ್ತಾರೆ, ಮತ್ತೊಬ್ಬರು ಛಿದ್ರೀಕರಣ ಎಂದು ಬರೆದು ಮುಂದೆ ಸಾಗುತ್ತಾರೆ. ಈ ಮೂರರ ಅರ್ಥವೂ ಒಂದೇ ಅಲ್ಲ. ವಿಘಟನೆ ಎಂದಾಗ ಕೂಡಿಕೊಂಡಿದ್ದದ್ದು ತಾನಾಗಿ ಬಿಟ್ಟುಹೋಯಿತು ಎಂಬ ಧ್ವನಿಯಿದೆ. ವಿಭಜನೆ ಎಂದಾಗ ಗೆರೆ ಎಳೆದವನೊಬ್ಬ ಇದ್ದಾನೆ. ಛಿದ್ರ ಎಂದಾಗ ಆದದ್ದು ಕೆಟ್ಟದ್ದು ಎಂಬ ತೀರ್ಮಾನ ಪದದೊಳಗೇ ಕುಳಿತಿದೆ. ವಿದ್ವಾಂಸರು ಒಂದು ಶತಮಾನದಿಂದ ಜಗಳವಾಡುತ್ತಿರುವುದೂ ಹೆಚ್ಚುಕಡಿಮೆ ಈ ಮೂರು ಧ್ವನಿಗಳ ನಡುವೆಯೇ. ಆದ್ದರಿಂದ ವರದಿಯ ಮೊದಲ ಪುಟದಲ್ಲಿ ಒಂದು ಪದವನ್ನು ಆರಿಸಿ ವ್ಯಾಖ್ಯೆ ಕೊಡುವ ಅವಸರ ಬೇಡ. ಈ ಬರಹದಲ್ಲಿ ನಾನು ಸದ್ಯಕ್ಕೆ ‘ಹೋಳಾಗುವುದು’ ಎಂಬ ಮನೆಮಾತನ್ನೇ ಬಳಸುತ್ತೇನೆ.

ಪದದ ಬದಲು ಒಂದು ಪ್ರಶ್ನೆಯಿಂದ ಶುರುಮಾಡಿ. ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದುಕೊಳ್ಳಿ: ಹೋಳಾಗುವ ಮೊದಲು ಇಡಿಯಾಗಿದ್ದದ್ದು ಯಾವುದು? ಊರು ಹೋಳಾಗಿದೆ ಎನ್ನುವ ಪ್ರತಿಯೊಬ್ಬ ವಿದ್ವಾಂಸನ ಮನಸ್ಸಿನಲ್ಲೂ ಒಂದು ಇಡಿ ಊರಿನ ಚಿತ್ರವಿರುತ್ತದೆ. ಒಬ್ಬನಿಗೆ ಅದು ಜೀವಿಯಂತೆ ಬೆಳೆಯುವ ನಗರ, ಇನ್ನೊಬ್ಬನಿಗೆ ಎಲ್ಲ ಮನೆಗೂ ಒಂದೇ ಕೊಳಾಯಿ ಜಾಲವಿದ್ದ ನಗರ, ಮತ್ತೊಬ್ಬನಿಗೆ ಒಂದೇ ಪುರಸಭೆಯ ನಗರ. ಆ ಚಿತ್ರವನ್ನು ಅವನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹೊರಗೆಳೆಯುವುದೇ ಓದುವವರ ಕೆಲಸ.

ನಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಕೇಳಲು ಒಂದು ಅನುಕೂಲವಿದೆ. ಸಖರಾಯಪಟ್ಟಣದ ದೊರೆ ರುಕ್ಮಾಂಗದನು ಹಿರಿಯ ಮಗಳಿಗೆ ಕೊಟ್ಟ ಊರು ಹಿರೇಮಗಳೂರು, ಕಿರಿಯ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು ಎಂಬ ಐತಿಹ್ಯ ಇಲ್ಲಿನ ಮಕ್ಕಳಿಗೂ ಗೊತ್ತು. ಇಂದು ಕೋದಂಡರಾಮ ದೇವಾಲಯದ ಹಿರೇಮಗಳೂರು ಕಿರಿಯವಳ ಊರಿನೊಳಗೇ ಸೇರಿಹೋಗಿದೆ. ಇದು ಕೂಡಿದ್ದೋ ಹೋಳಾದದ್ದೋ? ಕಡತದಲ್ಲಿ ನೋಡಿದರೆ ಎರಡು ಊರು ಒಂದಾಗಿವೆ. ಆದರೆ ಅಲ್ಲಿನ ಹಿರಿಯರೊಬ್ಬರನ್ನು ಚೀಲ ಹಿಡಿದು ಹೊರಟಾಗ ಮಾತನಾಡಿಸಿ ನೋಡಿ: “ಪೇಟೆಗೆ ಹೋಗ್ಬರ್ತೀನಿ” ಎನ್ನುತ್ತಾರೆ. ಪೇಟೆಯೊಳಗೇ ವಾಸವಿರುವವರು ಪೇಟೆಗೆ ಹೋಗುವುದು ಹೇಗೆ? ಈ ಮಾತನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓದುವ ಮೊದಲು ನಡೆಯಿರಿ

ಎರಡು ನಡಿಗೆಗಳು ಬೇಕು. ಮೊದಲನೆಯದು ಹನುಮಂತಪ್ಪ ವೃತ್ತದಿಂದ ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳ ಮೇಲೆ, ಅಂಗಡಿಗಳ ಮುಂದೆ, ಯಾವ ಪ್ರವಾಸಿಗನೂ ಮಾಡುವಂಥದ್ದು. ಎರಡನೆಯದು ಅದೇ ದಿಕ್ಕಿನಲ್ಲಿ, ಆದರೆ ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ. 1845ರಲ್ಲಿ ಜರ್ಮನ್ ಚಿಂತಕ ಫ್ರೆಡ್ರಿಕ್ ಎಂಗೆಲ್ಸ್ ಇಂಗ್ಲೆಂಡಿನ ಕೈಗಾರಿಕಾ ನಗರ ಮ್ಯಾಂಚೆಸ್ಟರಿನ ಬಗ್ಗೆ ಗಮನಿಸಿದ್ದು ಇದನ್ನೇ: ಮುಖ್ಯರಸ್ತೆಗಳ ಎರಡೂ ಬದಿಯ ಅಂಗಡಿ ಸಾಲು ಗೋಡೆಯಂತೆ ನಿಂತು ಕಾರ್ಮಿಕರ ಕೇರಿಗಳನ್ನು ಮರೆಮಾಡುವುದರಿಂದ, ದಿನವೂ ಕೆಲಸಕ್ಕೆ ಬಂದು ಹೋಗುವ ಸ್ಥಿತಿವಂತನೊಬ್ಬ ವರ್ಷಗಟ್ಟಲೆ ಅವನ್ನು ಕಾಣದೆಯೇ ಇರಬಹುದು. ಯಾರೋ ಯೋಜನೆ ಹಾಕಿ ಹೀಗೆ ಕಟ್ಟಿದ್ದಲ್ಲ ಎಂಬುದು ಅವನನ್ನು ಹೆಚ್ಚು ಕಾಡಿದ ಸಂಗತಿ.

ನಡೆಯುವಾಗ ಮನೆಗಳನ್ನು ನೋಡುವುದಕ್ಕಿಂತ ಅಂಚುಗಳನ್ನು ನೋಡಿ. ಡಾಂಬರು ಎಲ್ಲಿ ನಿಲ್ಲುತ್ತದೆ, ಬೀದಿಯ ಹೆಸರಿನ ಫಲಕ ಎಲ್ಲಿಗೆ ಮುಗಿಯುತ್ತದೆ, ಚರಂಡಿಗೆ ಹಾಸುಗಲ್ಲು ಯಾವ ಮನೆಯವರೆಗೆ ಇದೆ ಎಂಬುದನ್ನು ಗುರುತುಹಾಕಿ. ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ನಂಬಲರ್ಹವಾದ ಸಾಕ್ಷಿ ಕಸದ ಗಾಡಿ. ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಆಟೋ ಯಾವ ತಿರುವಿನಲ್ಲಿ ಹಿಂದೆ ಸರಿದು ಮರಳುತ್ತದೋ, ಬಕೆಟ್ ಹಿಡಿದ ಹೆಂಗಸರು ಯಾವ ಬೀದಿಯಿಂದ ಅಲ್ಲಿಯವರೆಗೆ ನಡೆದುಬಂದು ನಿಲ್ಲುತ್ತಾರೋ, ಅಲ್ಲೊಂದು ಗೆರೆಯಿದೆ. ಯಾವ ನಕ್ಷೆಯಲ್ಲಿಯೂ ಅದು ಇಲ್ಲ.

ಷಿಕಾಗೋದವರನ್ನು ಓದುವುದು

ಷಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಪಾರ್ಕ್ ಮತ್ತು ಅರ್ನೆಸ್ಟ್ ಬರ್ಜೆಸ್ ಅವರಿಂದ ಓದು ಆರಂಭಿಸುವುದು ವಾಡಿಕೆ. ನಗರವು ಒಂದನ್ನೊಂದು ತಾಕುವ, ಆದರೆ ಒಂದರೊಳಗೊಂದು ಬೆರೆಯದ ಪುಟ್ಟ ಲೋಕಗಳ ಜೋಡಣೆ ಎಂದು ಪಾರ್ಕ್ 1915ರಲ್ಲಿ ಬರೆದ. ಬರ್ಜೆಸ್ 1925ರಲ್ಲಿ ನಗರದ ನಡುವಿನಿಂದ ಹೊರಕ್ಕೆ ಐದು ವರ್ತುಲಗಳನ್ನು ಎಳೆದ. ಅವನ ಚಿತ್ರದಲ್ಲಿ ವ್ಯಾಪಾರ ಕೇಂದ್ರದ ಸುತ್ತ ಹೊಸದಾಗಿ ವಲಸೆ ಬಂದ ಬಡವರಿದ್ದಾರೆ, ಹೊರಗೆ ಹೋದಂತೆ ಸ್ಥಿತಿವಂತರು. ಈ ಪಂಥಕ್ಕೆ ಹೋಳುಗಳು ರೋಗವಲ್ಲ, ಬೆಳವಣಿಗೆಯ ಹಂತಗಳು. ಇಡಿಯಾಗಿರುವುದು ಕಾಡಿನಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುವ ನಗರಜೀವನ.

ವರ್ತುಲಗಳನ್ನು ಚಿಕ್ಕಮಗಳೂರಿನ ಮೇಲೆ ಎಳೆದು ನೋಡಿ, ಕೂಡುವುದಿಲ್ಲ. ಕೂಡದಿರುವ ಜಾಗಗಳೇ ಪಾಠ. ಕೈಗಾರಿಕೆಗೆ ಮುಂಚಿನ ನಗರಗಳಲ್ಲಿ ಉಳ್ಳವರು ನಡುವೆ, ಇಲ್ಲದವರು ಅಂಚಿನಲ್ಲಿ ಎಂದು ಸಮಾಜಶಾಸ್ತ್ರಜ್ಞ ಗಿಡಿಯನ್ ಶೋಬರ್ಗ್ 1960ರಲ್ಲಿ ಬರ್ಜೆಸ್‌ನ ಚಿತ್ರವನ್ನು ತಿರುಗಿಸಿಟ್ಟ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು, ಕೋಟೆ ಪ್ರದೇಶ ಯಾವುದಕ್ಕೆ ಹತ್ತಿರ, ಹೊಸ ಬಡಾವಣೆಗಳು ಯಾವುದಕ್ಕೆ ಹತ್ತಿರ ಎಂದು ನೋಡುವುದು ಒಂದು ಮಧ್ಯಾಹ್ನದ ಕೆಲಸ.

ಇದೇ ಸಾಲಿನಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಆಟವನ್ನು ಆಡಿ ನೋಡಲೇಬೇಕು. ಎಂಟೆಂಟು ಮನೆಗಳ ಚೌಕ ಬರೆದು, ಒಂದಿಷ್ಟು ಅರೇಬಿಕಾ ಬೀಜ, ಅಷ್ಟೇ ರೊಬಸ್ಟಾ ಬೀಜಗಳನ್ನು ಕಲಸಿ ಹಾಕಿ, ಕೆಲವು ಮನೆ ಖಾಲಿ ಬಿಡಿ. ಸುತ್ತಲಿನವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನ ಜಾತಿಯ ಬೀಜ ಇರಬೇಕು, ಇಲ್ಲವಾದರೆ ಖಾಲಿ ಮನೆಗೆ ಹೋಗಬೇಕು ಎಂಬುದಷ್ಟೇ ನಿಯಮ. ಯಾವ ಬೀಜವೂ ಇನ್ನೊಂದನ್ನು ದ್ವೇಷಿಸುವುದಿಲ್ಲ. ಆದರೂ ಅರ್ಧ ಗಂಟೆಯೊಳಗೆ ಹಾಳೆಯ ಮೇಲೆ ಅರೇಬಿಕಾ ಕೇರಿ, ರೊಬಸ್ಟಾ ಕೇರಿ ಎದ್ದು ಕಾಣತೊಡಗುತ್ತವೆ. ನಮ್ಮ ತರಗತಿಯಲ್ಲಿ ಇದನ್ನು ಆಡಿಸಿದಾಗ ಎಲ್ಲರೂ ಬೆರಗಾಗಿದ್ದರು. ಆದರೆ ಬಾಡಿಗೆ ಮನೆ ಹುಡುಕಿ ಬೇಸತ್ತಿದ್ದ ಹುಡುಗನೊಬ್ಬ, “ಬೀಜಕ್ಕೆ ಯಾರೂ ‘ನೀವು ಯಾವ ಜನ’ ಅಂತ ಕೇಳಲ್ಲ ಸಾರ್” ಎಂದ. ಶೆಲ್ಲಿಂಗ್ ಮಾದರಿಯ ಮೇಲೆ ಬಂದ ಎಷ್ಟೋ ಟೀಕೆಗಳ ತಿರುಳು ಅದರಲ್ಲಿದೆ: ಮನೆ ಬಿಟ್ಟುಹೋಗುವ ಇಷ್ಟವನ್ನು ಆ ಆಟ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮನೆ ಕೊಡೆನೆನ್ನುವ ಅಧಿಕಾರವನ್ನು ತೆಗೆದುಕೊಳ್ಳುವುದಿಲ್ಲ.

ಥರ್ಟಿ ಫಾರ್ಟಿ ಸೈಟು ಮತ್ತು ಲೆಫೆವ್ರ್

ಮಾರ್ಕ್ಸ್‌ವಾದಿ ಪರಂಪರೆಯನ್ನು ಓದಲು ಕಷ್ಟವೆಂದು ಹೆದರುವವರು ನೇರವಾಗಿ ಒಂದು ಬಡಾವಣೆಯ ಕಮಾನಿನ ಕೆಳಗೆ ಹೋಗಿ ನಿಲ್ಲಬೇಕು. ಆಧುನಿಕ ಸ್ಥಳವು ಒಂದೇ ಹೊತ್ತಿಗೆ ಏಕರೂಪವೂ, ತುಂಡುತುಂಡೂ, ಮೇಲು ಕೀಳಿನ ಶ್ರೇಣಿಯೂ ಆಗಿರುತ್ತದೆ ಎಂದು ಫ್ರಾನ್ಸಿನ ಆನ್ರಿ ಲೆಫೆವ್ರ್ ಹೇಳಿದ. ಪುಸ್ತಕದಲ್ಲಿ ಇದು ಒಗಟಿನಂತೆ ಕಾಣುತ್ತದೆ. ಬಡಾವಣೆಯ ನಕ್ಷೆಯಲ್ಲಿ ಹಾಗೆ ಕಾಣುವುದಿಲ್ಲ. ಕಾಫಿ ಗಿಡವಿದ್ದ ಏರಾಗಲಿ, ರಾಗಿ ಬೆಳೆದ ತಗ್ಗಾಗಲಿ, ಎಲ್ಲವೂ 30×40 ಅಡಿಯ ಚೌಕವಾಗುವುದು ಏಕರೂಪತೆ. ಒಂದೊಂದು ಚೌಕವನ್ನೂ ಪಕ್ಕದ್ದಕ್ಕೆ ಸಂಬಂಧವಿಲ್ಲದಂತೆ ಬಿಡಿಯಾಗಿ ಮಾರಬಹುದಾದದ್ದು ತುಂಡಾಗುವಿಕೆ. ಮೂಲೆ ಸೈಟಿಗೆ ಒಂದು ದರ, ಪೂರ್ವಕ್ಕೆ ಮುಖವಿರುವುದಕ್ಕೆ ಇನ್ನೊಂದು, ಚರಂಡಿ ಪಕ್ಕದ್ದಕ್ಕೆ ಮತ್ತೊಂದು ಎಂಬಲ್ಲಿ ಶ್ರೇಣಿಯಿದೆ. ಮೂರೂ ಒಂದೇ ಹಾಳೆಯ ಮೇಲೆ, ಒಬ್ಬನೇ ಏಜೆಂಟನ ಬಾಯಲ್ಲಿ.

ಲೆಫೆವ್ರ್ ಆದ ಮೇಲೆ ಭೂಗೋಳಶಾಸ್ತ್ರಜ್ಞ ಡೇವಿಡ್ ಹಾರ್ವಿ. ಉತ್ಪಾದನೆಯಲ್ಲಿ ತೊಡಗಿಸಲು ಜಾಗ ಸಾಲದ ಬಂಡವಾಳ ಕಟ್ಟಡ, ರಸ್ತೆ, ನಿವೇಶನಗಳ ಕಡೆ ಹರಿಯುತ್ತದೆ ಎಂಬ ಅವನ 1978ರ ವಾದವನ್ನು ಇಲ್ಲಿ ಕಾಫಿಯ ಮೂಲಕ ಓದಬೇಕು. ಬೆಳೆಯನ್ನು ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ರ ಹೊತ್ತಿಗೆ ಮುಗಿದು ಬೆಳೆಗಾರ ತನ್ನ ಬೆಳೆಯನ್ನು ತಾನೇ ಮಾರುವಂತಾದ ಮೇಲೆ, ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿದ ಲಾಭವೂ, ಬೆಲೆ ಕುಸಿದ ನಷ್ಟವೂ ನೇರವಾಗಿ ಅವನ ಮನೆಗೇ ಬಂದವು. ಒಳ್ಳೆಯ ವರ್ಷದ ಹಣ ಸೈಟಾಗಿ, ಕಾಂಪ್ಲೆಕ್ಸ್ ಆಗಿ, ಹೋಮ್‌ಸ್ಟೇ ಆಗಿ ನಿಂತಿತೇ ಎಂಬುದನ್ನು ಊಹೆಯಿಂದ ಬರೆಯಬೇಡಿ. ಉಪನೋಂದಣಿ ಕಚೇರಿಯ ನೋಂದಣಿಗಳ ಸಂಖ್ಯೆಯನ್ನು ವರ್ಷವಾರು ಪಡೆದು, ಪಕ್ಕದಲ್ಲಿ ಕಾಫಿ ಬೆಲೆಯನ್ನು ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿಳಿಯದಿದ್ದರೆ ಹಾಗೆಂದೇ ಬರೆಯಿರಿ. ಹಾರ್ವಿಯನ್ನು ಸರಿಯೆಂದು ತೋರಿಸುವ ಹೊಣೆ ನಿಮ್ಮದಲ್ಲ.

ಈ ಕಥೆಯ ಇನ್ನೊಂದು ತುದಿ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿದೆ. ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕನ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಆದರೆ ಕೆಲಸಕ್ಕೆ ಅಂಟಿಕೊಂಡ ಮನೆ ಕೆಲಸ ಮುಗಿದ ದಿನ ಕೈಬಿಡುತ್ತದೆ. ಊರಂಚಿನ ಒಂದು ಬೀದಿಯಲ್ಲಿ ನಾನು ಮಾತನಾಡಿಸಿದ ಅಜ್ಜಿಯೊಬ್ಬರು ಲೈನ್ ಮನೆಯಲ್ಲಿ ಮದುವೆಯಾಗಿ ಬಂದವರು, ಆಮೇಲೆ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾರ್ಬ್ಲಿಂಗ್ ಮಾಡಿದವರು, ಅಂದರೆ ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜಗಳನ್ನು ಕೈಯಲ್ಲಿ ಆರಿಸಿದವರು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದ ಮೇಲೆ ಆ ಕೆಲಸವೂ ಹೋಯಿತು. ಅವರ ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ ಎಂದು ಕೇಳಿದೆ. “ಆಟೋದವ್ನು ಎಂಬತ್ತು ಕೇಳ್ತಾನೆ ಮೇಷ್ಟ್ರೇ, ಕತ್ಲಾದ್ಮೇಲೆ ಎಷ್ಟು ಕೊಟ್ರೂ ಬರಲ್ಲ” ಎಂದರು. ನಾನು ಕಿಲೋಮೀಟರಿನ ಲೆಕ್ಕಕ್ಕೆ ಪೆನ್ನು ಹಿಡಿದಿದ್ದೆ. ಅಂದಿನಿಂದ ವಿದ್ಯಾರ್ಥಿಗಳ ನಕ್ಷೆಗಳಲ್ಲಿ ದೂರವನ್ನು ಆಟೋ ಬಾಡಿಗೆಯಲ್ಲಿ, ಹಗಲು ರಾತ್ರಿ ಎರಡಕ್ಕೂ ಬೇರೆಬೇರೆಯಾಗಿ ಬರೆಯಿಸುತ್ತೇನೆ.

ನೀರಿನ ಕೊಳವೆ ಹಿಡಿದು ಹೋಗುವುದು

ನಗರ ಅಧ್ಯಯನದ ವಿದ್ವಾಂಸರಾದ ಸ್ಟೀಫನ್ ಗ್ರಹಾಂ ಮತ್ತು ಸೈಮನ್ ಮಾರ್ವಿನ್ 2001ರಲ್ಲಿ ಮಂಡಿಸಿದ ವಾದವನ್ನು ಇಂದಿನ ಬಹುಪಾಲು ಚರ್ಚೆಗಳು ದಾಟಿಯೇ ಹೋಗಬೇಕು. ಸುಮಾರು 1850ರಿಂದ 1960ರವರೆಗೆ ಪಾಶ್ಚಾತ್ಯ ನಗರಗಳಲ್ಲಿ ನೀರು, ವಿದ್ಯುತ್, ರಸ್ತೆ ಎಲ್ಲರಿಗೂ ಒಂದೇ ಜಾಲದಿಂದ ದೊರೆಯಬೇಕು ಎಂಬ ಆದರ್ಶವಿತ್ತು, ಖಾಸಗೀಕರಣದ ಕಾಲದಲ್ಲಿ ಅದು ಸೀಳಿಹೋಗಿ ಹಣವಿದ್ದವರ ಪ್ರದೇಶಗಳಿಗೆ ಉತ್ತಮ ಜಾಲ, ಉಳಿದವರಿಗೆ ಹರಕು ಜಾಲ ಎಂದಾಯಿತು ಎಂಬುದು ಅದರ ಸಾರ. ನೋಟ್‌ಬುಕ್ಕಿನ ಪ್ರಶ್ನೆಯನ್ನು ಇಲ್ಲಿ ಹಾಕಿದರೆ ಉತ್ತರ ಸ್ಪಷ್ಟ: ಇಡಿಯಾಗಿದ್ದದ್ದು ಕೊಳವೆಗಳ ಜಾಲ.

ಸಂಶೋಧಕರಾದ ಮಿಶೆಲ್ ಕೂಯ್ ಮತ್ತು ಕ್ಯಾರೆನ್ ಬೇಕರ್ 2008ರಲ್ಲಿ ಇಂಡೋನೇಷ್ಯಾದ ಜಕಾರ್ತದ ನೀರಿನ ಚರಿತ್ರೆಯನ್ನು ಮುಂದಿಟ್ಟು ಇದಕ್ಕೆ ತಕರಾರು ತೆಗೆದರು. ಅಲ್ಲಿ ಡಚ್ಚರ ಕಾಲದಿಂದಲೂ ನಲ್ಲಿ ನೀರು ಕೆಲವರಿಗಷ್ಟೇ. ಒಡೆಯಲು ಒಂದು ಇಡೀ ಜಾಲ ಇದ್ದದ್ದೇ ಇಲ್ಲ. ನಮ್ಮ ಊರುಗಳ ಓದಿಗೆ ಈ ತಕರಾರು ಮೂಲ ವಾದಕ್ಕಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಆದರೂ ಮೂಲವನ್ನು ಓದದೆ ತಕರಾರನ್ನು ಮಾತ್ರ ಓದುವುದು ಜಗಳದ ಒಂದೇ ಪಕ್ಷ ಕೇಳಿದಂತಾಗುತ್ತದೆ.

ಪರೀಕ್ಷಿಸುವ ವಿಧಾನ ಸರಳ. ಹಿರೇಕೊಳಲೆ ಕೆರೆ ಮತ್ತು ಯಗಚಿ ನದಿ, ಊರಿನ ಕುಡಿಯುವ ನೀರಿನ ಮೂಲಗಳು. ನಾಲ್ಕು ಕಡೆ ಹತ್ತು ಹತ್ತು ಮನೆಗಳನ್ನು ಆರಿಸಿಕೊಂಡು ಎರಡು ವಾರ ಒಂದೇ ಪ್ರಶ್ನೆ ಕೇಳಿ: ಇವತ್ತು ನೀರು ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಬಾರದಿದ್ದರೆ ಏನು ಮಾಡಿದಿರಿ? ಮೂರನೆಯ ಉತ್ತರದಲ್ಲಿ ಎಲ್ಲವೂ ಇದೆ. ಒಬ್ಬರು ಸಂಪಿನ ಮೋಟರ್ ಹಾಕುತ್ತಾರೆ, ಒಬ್ಬರು ಸ್ವಂತ ಬೋರ್‌ವೆಲ್, ಒಬ್ಬರು ಟ್ಯಾಂಕರಿಗೆ ಫೋನ್ ಮಾಡುತ್ತಾರೆ, ಇನ್ನೊಬ್ಬರು ನೀರುಗಂಟಿಗೆ. ನೀರು ಬಿಡುವ ವಾಲ್ವ್ ಯಾರ ಮನೆಯ ಮುಂದಿದೆ, ಅದನ್ನು ತಿರುಗಿಸುವ ನೀರುಗಂಟಿಯ ಮೊಬೈಲ್ ನಂಬರ್ ಯಾವ ಬೀದಿಯವರ ಬಳಿ ಇದೆ ಎಂಬುದನ್ನು ತಪ್ಪದೆ ಕೇಳಿ. ಜಾಲ ಒಂದೇ ಇದ್ದರೂ ಊರು ಹೋಳಾಗಬಹುದು ಎಂಬುದು ಆ ನಂಬರಿನಿಂದ ತಿಳಿಯುತ್ತದೆ, ಮತ್ತು ಇದು ಗ್ರಹಾಂ–ಮಾರ್ವಿನ್ ಚೌಕಟ್ಟಿನಲ್ಲೂ ಪೂರ್ತಿ ಕೂರುವುದಿಲ್ಲ, ಜಕಾರ್ತದ ಚೌಕಟ್ಟಿನಲ್ಲೂ ಕೂರುವುದಿಲ್ಲ.

ಊರು, ಕೇರಿ

ವಸಾಹತುಶಾಹಿ ವಿರೋಧಿ ಚಿಂತಕ ಫ್ರಾಂಟ್ಜ್ ಫ್ಯಾನನ್ 1961ರಲ್ಲಿ ವಸಾಹತು ಲೋಕವನ್ನು ಎರಡಾಗಿ ಕತ್ತರಿಸಿದ ಲೋಕ ಎಂದು ಕರೆದ. ಬೆಂಗಳೂರಿನ ಪೇಟೆ ಮತ್ತು ದಂಡು (ಬ್ರಿಟಿಷ್ ಸೈನ್ಯದ ನೆಲೆ) 1949ರವರೆಗೂ ಬೇರೆಬೇರೆ ಆಡಳಿತದಲ್ಲಿದ್ದದ್ದನ್ನು ಈ ಪರಂಪರೆಯ ಜೊತೆ ಓದುವುದುಂಟು. ಚಿಕ್ಕಮಗಳೂರಿಗೆ ಇದನ್ನು ಹಾಗೆಯೇ ತಂದು ಹೊಂದಿಸಲು ಹೋಗಬೇಡಿ. ಇಲ್ಲಿ ಪ್ಲಾಂಟರುಗಳ ಕ್ಲಬ್ಬು ಬಂದದ್ದು ನಿಜ, ದಂಡು ಪ್ರದೇಶ ಬರಲಿಲ್ಲ.

ಇಲ್ಲಿನ ಹಳೆಯ ಗೆರೆ ನಮ್ಮ ಮಾತಿನೊಳಗೇ ಇದೆ. ‘ಊರು ಕೇರಿ’ ಎಂಬ ಜೋಡಿಪದವನ್ನು ನಾವು ಒಂದೇ ಉಸಿರಿನಲ್ಲಿ ಆಡುತ್ತೇವೆ, ಆದರೆ ದಲಿತರ ಕೇರಿಯು ಊರಲ್ಲ ಎಂಬುದರ ಮೇಲೆಯೇ ಆ ಜೋಡಿ ನಿಂತಿದೆ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆಯ ಕೂಪವೆಂದು ಕರೆದಾಗ, ಹಳ್ಳಿ ಎಂಬ ಇಡಿ ಇತ್ತು, ನಗರ ಅದನ್ನು ಒಡೆಯಿತು ಎಂಬ ಕಥೆಯ ಬುಡವನ್ನೇ ಅಲುಗಿಸಿದರು. ಇವರನ್ನು ಓದಿದ ಮೇಲೆ ಷಿಕಾಗೋದವರ ಪುಟ್ಟ ಲೋಕಗಳಿಗೆ ಮರಳಿ ಹೋದರೆ, ‘ತಾಕುವ’ ಎಂಬ ಪದದ ಮುಂದೆ ಓದು ನಿಂತುಬಿಡುತ್ತದೆ. ಬಡಾವಣೆ ಎಂದರೆ ವಿಸ್ತರಣೆ. ಊರು ವಿಸ್ತರಿಸಿದಾಗ ಕೇರಿ ಭೌಗೋಳಿಕವಾಗಿ ಮಧ್ಯಕ್ಕೆ ಬಂದರೂ ‘ಕಾಲೋನಿ’ ಎಂಬ ಹೊಸ ಹೆಸರಿನಲ್ಲಿ ಅಂಚಾಗಿಯೇ ಉಳಿಯಬಹುದು. ಹಿರೇಮಗಳೂರಿನವರು ‘ಪೇಟೆಗೆ’ ಎನ್ನುವ ಮಾತಿನಲ್ಲಿ ಹಿರಿತನದ ಹೆಮ್ಮೆಯೂ ಇರಬಹುದು, ಕಾಲೋನಿಯವರು ಆಡುವ ಅದೇ ಮಾತಿನಲ್ಲಿ ಅದು ಇರಲಾರದು. ಮಾತು ಒಂದೇ ಎಂದು ಎರಡನ್ನೂ ಒಂದೇ ಕಾಲಮ್ಮಿನಲ್ಲಿ ತುಂಬಿದರೆ ಸಮೀಕ್ಷೆ ಕೆಟ್ಟಿತು.

ರಾಜಕೀಯ ಚಿಂತಕ ಪಾರ್ಥ ಚಟರ್ಜಿ 2004ರಲ್ಲಿ ಹೇಳಿದ ನಾಗರಿಕ ಸಮಾಜ ಮತ್ತು ರಾಜಕೀಯ ಸಮಾಜಗಳ ಭೇದವನ್ನು ಅರ್ಥಮಾಡಿಕೊಳ್ಳಲು ತಾಲ್ಲೂಕು ಕಚೇರಿಯ ಜಗಲಿ ಸಾಕು. ಹಕ್ಕು ಎಂದು ಕೇಳುವ ನಾಗರಿಕ ಸಮಾಜದವರು ಕೆಲವರು. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಭೂಕಂದಾಯ ಕಾಯ್ದೆಯ 94ಸಿಸಿ ಕಲಮಿನ ಅಡಿಯಲ್ಲಿ ಸಕ್ರಮ ಮಾಡಿಕೊಡಿ ಎಂದು ಅರ್ಜಿ, ಸದಸ್ಯರ ಶಿಫಾರಸು, ಹಳೆಯ ವಿದ್ಯುತ್ ಬಿಲ್ಲು ಹಿಡಿದು ನಿಂತ ರಾಜಕೀಯ ಸಮಾಜದವರು ಹಲವರು.

ಹೋಳಾಗುವುದನ್ನು ಮೆಚ್ಚುವವರು

ಇಲ್ಲಿಯವರೆಗೆ ಓದಿದವರಿಗೆ ಹೋಳಾಗುವುದು ಕೇಡು ಎಂಬ ಭಾವನೆ ಬಲವಾಗಿರುತ್ತದೆ. ಈಗ ಅಮೆರಿಕದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೂ ಅವರ 1956ರ ಲೇಖನ ಓದಿ. ಒಂದು ಮಹಾನಗರದಲ್ಲಿ ಹಲವು ಸಣ್ಣ ಪುರಸಭೆಗಳಿದ್ದರೆ ಜನ ತಮಗೆ ಬೇಕಾದ ತೆರಿಗೆ, ಬೇಕಾದ ಸೌಲಭ್ಯವಿರುವಲ್ಲಿಗೆ ಹೋಗಿ ನೆಲೆಸುತ್ತಾರೆ, ಅದೇ ಅವರ ಮತ ಎಂಬುದು ಅವರ ವಾದ. 1961ರಲ್ಲಿ ವಿನ್ಸೆಂಟ್ ಆಸ್ಟ್ರೋಮ್, ಟೀಬೂ ಮತ್ತು ರಾಬರ್ಟ್ ವಾರೆನ್ ಸೇರಿ ಹಲವು ಕೇಂದ್ರಗಳ ಆಡಳಿತವನ್ನು ಅವ್ಯವಸ್ಥೆ ಎಂದು ಕರೆಯಬಾರದೆಂದು ಬರೆದರು. 2025ರಲ್ಲಿ ಬೆಂಗಳೂರನ್ನು ಐದು ನಗರಪಾಲಿಕೆಗಳಾಗಿ ಮಾಡಿದಾಗ ಪರವಾಗಿ, ವಿರುದ್ಧವಾಗಿ ಕೇಳಿಬಂದ ಮಾತುಗಳನ್ನು ಈ ಲೇಖನಗಳ ಪಕ್ಕದಲ್ಲಿಟ್ಟು ಓದಬಹುದು.

ಇದರ ಎದುರಿಗೆ ನಗರ ಅಧ್ಯಯನದ ವಿದ್ವಾಂಸ ಸೊಲೊಮನ್ ಬೆಂಜಮಿನ್ ಅವರ 2008ರ ಬರಹ. ಬೆಂಗಳೂರನ್ನೂ ಗಮನದಲ್ಲಿಟ್ಟುಕೊಂಡು ಅವರು ಹೇಳುವುದು, ಜಮೀನಿನ ಒಡೆತನ ಹಲವು ಬಗೆಯಲ್ಲಿ ಹೋಳಾಗಿರುವುದರಿಂದಲೇ ಸಣ್ಣವರು ನಗರದಲ್ಲಿ ಕಾಲೂರಿದ್ದಾರೆ, ದೊಡ್ಡ ಬಂಡವಾಳಕ್ಕೆ ನೆಲ ಸಲೀಸಾಗಿ ಸಿಗುತ್ತಿಲ್ಲ ಎಂದು. ಮಾರುಕಟ್ಟೆಯನ್ನು ನಂಬಿದ ಟೀಬೂ, ಬಂಡವಾಳವನ್ನು ಸಂಶಯದಿಂದ ಕಾಣುವ ಬೆಂಜಮಿನ್, ಇಬ್ಬರೂ ಹೋಳುಗಳ ಪರ. ಆದರೆ ಒಬ್ಬರ ಹೋಳು ಆಡಳಿತದ್ದು, ಇನ್ನೊಬ್ಬರದು ಖಾತೆಯದ್ದು. ಇವರಿಬ್ಬರನ್ನು ಒಂದೇ ವಾರದಲ್ಲಿ ಓದುವುದು ಒಳ್ಳೆಯದು. ಬೇರೆಬೇರೆ ಅಧ್ಯಾಯಗಳಲ್ಲಿ ಇಟ್ಟರೆ ಇಬ್ಬರ ರುಚಿಯೂ ಹೋಗುತ್ತದೆ. ಕನ್ವರ್ಷನ್ ಆಗದ, ಅಂದರೆ ದಾಖಲೆಯಲ್ಲಿ ಇನ್ನೂ ಕೃಷಿಭೂಮಿಯೇ ಆಗಿರುವ ಜಮೀನಿನಲ್ಲಿ ಕಂದಾಯ ನಿವೇಶನ ಕೊಂಡ ಪರಿಚಯದವರಿದ್ದರೆ, ಗ್ರಾಮ ಪಂಚಾಯಿತಿ ಗಡಿಯೊಳಗೇ ಯಾಕೆ ಕೊಂಡಿರಿ ಎಂದು ಕೇಳಿ. ಆ ಒಂದು ಉತ್ತರದಲ್ಲಿ ಟೀಬೂ ಎಷ್ಟು, ಬೆಂಜಮಿನ್ ಎಷ್ಟು ಎಂದು ಬೇರ್ಪಡಿಸುವುದು ಒಳ್ಳೆಯ ಅಭ್ಯಾಸ.

ಬರೆಯುವಾಗ

ವರದಿಯನ್ನು ವಿದ್ವಾಂಸರ ಹೆಸರಿನ ಕ್ರಮದಲ್ಲಿ ಬರೆಯಬೇಡಿ. ಅದು ಗ್ರಂಥಾಲಯದ ಪಟ್ಟಿಯಾಗುತ್ತದೆ. ಒಂದು ಅಂಚನ್ನು, ಉದಾಹರಣೆಗೆ ಕಸದ ಗಾಡಿ ಮರಳುವ ಆ ತಿರುವನ್ನು ತೆಗೆದುಕೊಂಡು, ಅದರ ಎರಡೂ ಬದಿಯ ನಿವೇಶನದ ಅಳತೆ, ಖಾತೆಯ ಬಗೆ, ನೀರಿನ ದಿನ, ಬಾಡಿಗೆ ಕೇಳಿದವರಿಗೆ ಎದುರಾದ ಪ್ರಶ್ನೆ, ಆಟೋ ದರ ಇಷ್ಟನ್ನು ಕಲೆಹಾಕಿ. ಆಮೇಲೆ ಯಾವ ಪಂಥ ಯಾವ ವಿವರವನ್ನು ವಿವರಿಸುತ್ತದೆ, ಯಾವುದರ ಮುಂದೆ ಸುಮ್ಮನಾಗುತ್ತದೆ ಎಂದು ಬರೆಯಿರಿ. ಮನೆಯವರ ಹೆಸರು, ಮನೆ ಸಂಖ್ಯೆಗಳನ್ನು ವರದಿಯಲ್ಲಿ ಹಾಕಬೇಡಿ. ಸಕ್ರಮವಾಗದ ಮನೆಯ ವಿವರ ಅಚ್ಚಾದರೆ ಅದರ ಪರಿಣಾಮ ಬರೆದವರ ಮೇಲೆ ಆಗುವುದಿಲ್ಲ.

ಒಂದು ಸೆಮಿಸ್ಟರ್ ಸಮಯವಿದ್ದರೆ ನಡಿಗೆಗೆ ಮೂರು ವಾರ, ನೀರಿನ ಲೆಕ್ಕಕ್ಕೆ ಎರಡು ವಾರ, ಓದಿಗೆ ಆರು ವಾರ ಇಟ್ಟುಕೊಳ್ಳಿ. ನೀರಿನ ಲೆಕ್ಕವನ್ನು ಮಾರ್ಚ್–ಏಪ್ರಿಲ್‌ನಲ್ಲಿ ಮಾಡಿ. ಜುಲೈ ತಿಂಗಳ ಮಳೆಯಲ್ಲಿ ಎಲ್ಲ ಬೀದಿಯ ಸಂಪೂ ತುಂಬಿರುತ್ತದೆ. ನಕ್ಷೆಯ ಮೂಲೆಯಲ್ಲಿ ಗುರುತುಹಾಕಿದ ದಿನಾಂಕವನ್ನು ಬರೆಯುವುದನ್ನು ಮರೆಯಬೇಡಿ. ಮುಂದಿನ ವರ್ಷದ ಹೊತ್ತಿಗೆ ಕಸದ ಗಾಡಿಯ ಆ ಗೆರೆ ಇನ್ನೊಂದು ಬೀದಿಯಷ್ಟು ಮುಂದೆ ಹೋಗಿರುತ್ತದೆ, ಇಲ್ಲವೇ ಹಿಂದೆ ಬಂದಿರುತ್ತದೆ.